ಹಲಗೆ ಇಲ್ಲದ ಗೋಲು, ಮೈಕಿನಲ್ಲಿ ಆಡಿದ ಮಾತು

ಪ್ರಶ್ನೆ: ಸರ್, ನಾನು ಕಾರವಾರದ ಕೋಡಿಬಾಗದವನು. ಊರಿನ ಹಾಕಿ ತಂಡದಲ್ಲಿ ಆಡುತ್ತೇನೆ. ಕಳೆದ ತಿಂಗಳು ಇಲ್ಲಿ ನಡೆದ ಟೂರ್ನಮೆಂಟಿನ ಫೈನಲ್‌ನಲ್ಲಿ ಕೊನೆಯ ಗಳಿಗೆಯಲ್ಲಿ ನಮಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ನಾವು ಹೊಡೆದ ಚೆಂಡು ಎದುರಿನ ಡಿಫೆಂಡರ್ ಸ್ಟಿಕ್ಕಿಗೆ ತಾಗಿ ಬಲೆಯ ಮೇಲ್ಭಾಗಕ್ಕೆ ಬಿತ್ತು. ಅಂಪೈರ್ ಗೋಲು ಕೊಡಲಿಲ್ಲ, ಸೋತೆವು. ನಮ್ಮ ಕೋಚ್ ಸರ್ ಸೇನೆಯ ತಂಡದಲ್ಲಿ ಆಡಿ ನಿವೃತ್ತರಾದವರು. ಅವರು ಮೈದಾನದೊಳಗೆ ಹೋಗಿ ಜಗಳ ಮಾಡಿದರು. ಬಹುಮಾನ ಕೊಡುವಾಗ ಮೈಕ್ ತೆಗೆದುಕೊಂಡು ‘ಇವನು ದುಡ್ಡು ತಿಂದಿದ್ದಾನೆ’ ಅಂದುಬಿಟ್ಟರು. ಆ ವಿಡಿಯೋ ವಾಟ್ಸಾಪಿನಲ್ಲಿ ಎಲ್ಲ ಕಡೆ ಹೋಗಿದೆ. ಅಂಪೈರ್ ಬೇರೆ ಯಾರೂ ಅಲ್ಲ, ನನಗೆ ಮೊದಲು ಸ್ಟಿಕ್ ಹಿಡಿಯಲು ಕಲಿಸಿದ ಪಿ.ಟಿ. ಮಾಸ್ತರು. ಅವರು ಈಗ ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆ ಅನ್ನುತ್ತಿದ್ದಾರೆ. ಕೋಚ್ ಸರ್ ಕ್ಷಮೆ ಕೇಳಲು ಒಪ್ಪುತ್ತಿಲ್ಲ. ಇಬ್ಬರಲ್ಲಿ ಯಾರು ಸರಿ?

ಉತ್ತರ: ಮೊದಲು ಗೋಲಿನ ವಿಷಯ ನೋಡೋಣ. ನೀವು ಕೇಳಿದ್ದೂ ಅದನ್ನೇ, ಚಾ ಅಂಗಡಿಯಲ್ಲಿ ಜನ ವಾದ ಮಾಡುತ್ತಿರುವುದೂ ಅದನ್ನೇ ಅಲ್ವಾ. ನೀವು ಕಳಿಸಿದ ಎರಡೂ ವಿಡಿಯೋ ನೋಡಿದೆ. ಒಂದು ಸಲ ಅಲ್ಲ, ಎರಡು ರಾತ್ರಿ ಕೂತು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಕೋಚ್ ಸರ್ ಕೊಟ್ಟ ಕಾರಣ ತಪ್ಪು. ಮಾಸ್ತರು ಕೊಟ್ಟ ಕಾರಣವೂ ಅರ್ಧ ಮಾತ್ರ ಸರಿ. ಇಬ್ಬರೂ ಒಂದೇ ನಿಯಮದ ಎರಡು ತುದಿ ಹಿಡಿದುಕೊಂಡು ಎಳೆದಾಡಿದ್ದಾರೆ, ನಡುವಿನ ಸಾಲನ್ನು ಇಬ್ಬರೂ ಹೇಳಿಲ್ಲ.

ಕೋಚ್ ಸರ್ ಮಾತು ವಿಡಿಯೋದಲ್ಲಿ ಚೆನ್ನಾಗಿಯೇ ಕೇಳುತ್ತದೆ. ‘ಮಾಸ್ತರೇ, ಡಿಫೆಂಡರ್ ಸ್ಟಿಕ್ಕಿಗೆ ತಾಗಿದೆ, ತಾಗಿದ ಮೇಲೆ ಹೈಟ್ ಲೆಕ್ಕಕ್ಕಿಲ್ಲ’ ಅನ್ನುತ್ತಾರೆ. ಮಾಸ್ತರು ಕೈಯನ್ನು ಮಂಡಿಯ ಹತ್ತಿರ ಹಿಡಿದು ‘ಇದಕ್ಕಿಂತ ಮೇಲೆ ಹೋಗಿದೆ, ಮುಗೀತು’ ಅನ್ನುತ್ತಾರೆ.

ನಿಯಮ ಹೀಗಿದೆ. ಪೆನಾಲ್ಟಿ ಕಾರ್ನರ್ ಅಂದರೆ ಎದುರಾಳಿಯ ತಪ್ಪಿಗೆ ಸಿಗುವ ಅವಕಾಶ, ಗೋಲಿನ ಪಕ್ಕದ ಗೆರೆಯಿಂದ ಒಬ್ಬ ಚೆಂಡು ತಳ್ಳಿಕೊಡುತ್ತಾನೆ, ಇನ್ನೊಬ್ಬ ಗೋಲಿಗೆ ಹೊಡೆಯುತ್ತಾನೆ. ಅದರಲ್ಲಿ ಗೋಲಿಗೆ ಮಾಡುವ ಮೊದಲ ಹೊಡೆತ ‘ಹಿಟ್’, ಅಂದರೆ ಸ್ಟಿಕ್ ಬೀಸಿ ಹೊಡೆದದ್ದು, ಆಗಿದ್ದರೆ, ಚೆಂಡು ಗೋಲ್ ಲೈನ್ ದಾಟುವಾಗ 460 ಮಿಲಿಮೀಟರ್‌ಗಿಂತ ಮೇಲೆ ಇರಬಾರದು. ಗೋಲಿನ ಒಳಗೆ ಹಿಂಭಾಗದಲ್ಲಿ ಇರುವ ಹಲಗೆಯ ಎತ್ತರ ಅದು, ಹೆಚ್ಚು ಕಡಿಮೆ ಒಂದೂವರೆ ಅಡಿ. ಇಷ್ಟು ಹಾಕಿ ಆಡುವ ಎಲ್ಲರಿಗೂ ಗೊತ್ತು. ಇದರ ಜೊತೆಗೆ ಇನ್ನೊಂದು ಮಾತಿದೆ, ಅದನ್ನು ಜಾಸ್ತಿ ಜನ ಓದಿರುವುದಿಲ್ಲ. ಚೆಂಡು ಗೋಲಿಗೆ ಹೋಗುವ ದಾರಿಯಲ್ಲಿ ಯಾರ ಸ್ಟಿಕ್ಕಿಗೋ ಮೈಗೋ ತಾಗಿದರೆ, ತಾಗುವುದಕ್ಕೆ ಮೊದಲು ಅದು ಎಷ್ಟು ಎತ್ತರದಲ್ಲಿ ಗೋಲ್ ಲೈನ್ ದಾಟುವಂತಿತ್ತು ಅನ್ನುವುದನ್ನು ನೋಡಬೇಕು. ತಾಗಿದ ಮೇಲೆ ಎಲ್ಲಿಗೆ ಹೋಯಿತು ಅನ್ನುವುದನ್ನಲ್ಲ.

ಅಂದರೆ ಏನಾಯ್ತು ನೋಡಿ. ನಿಮ್ಮ ಹುಡುಗ ಹೊಡೆದ ಚೆಂಡು ನೆಲದ ಹತ್ತಿರವೇ ಬರುತ್ತಿದ್ದು, ಡಿಫೆಂಡರ್ ಸ್ಟಿಕ್ಕಿಗೆ ತಾಗಿ ಮೇಲಕ್ಕೆ ಹಾರಿದ್ದರೆ ಅದು ಗೋಲು. ಬಲೆಯ ತುದಿಗೆ ಬಿದ್ದರೂ ಗೋಲು. ಆಗ ಮಾಸ್ತರು ಮಂಡಿಯ ಹತ್ತಿರ ಕೈ ತೋರಿಸಿದ್ದಕ್ಕೆ ಅರ್ಥವೇ ಇಲ್ಲ. ಹಾಗಲ್ಲದೆ ಚೆಂಡು ಮೊದಲೇ ಎದ್ದು, ಎದೆಯ ಎತ್ತರಕ್ಕೆ ಹೋಗುವ ದಾರಿಯಲ್ಲಿದ್ದು, ಆಮೇಲೆ ಡಿಫೆಂಡರ್‌ಗೆ ತಾಗಿದ್ದರೆ ಗೋಲಿಲ್ಲ. ತಾಗಿ ಕೆಳಕ್ಕೆ ಬಿದ್ದು ನೆಲದ ಮೇಲೆ ಉರುಳಿ ಒಳಗೆ ಹೋದರೂ ಗೋಲಿಲ್ಲ. ಆಗ ಕೋಚ್ ಸರ್ ‘ತಾಗಿದೆ, ತಾಗಿದೆ’ ಅಂದಿದ್ದಕ್ಕೆ ಅರ್ಥವಿಲ್ಲ.

ಇನ್ನೂ ಒಂದು ಇದೆ. ಚೆಂಡು ದಾರಿಯಲ್ಲಿ ಒಂದೂವರೆ ಅಡಿಗಿಂತ ಮೇಲೆ ಎದ್ದರೂ, ಅಪಾಯ ಇಲ್ಲದಿದ್ದರೆ, ತಾನಾಗಿ ಇಳಿದು ಗೋಲ್ ಲೈನ್ ಹತ್ತಿರ ಹಲಗೆಯ ಎತ್ತರಕ್ಕೆ ಬರುವಂತಿದ್ದರೆ ತಪ್ಪಲ್ಲ. ಹಾಗಾಗಿ ‘ನಡುವೆ ಎದ್ದಿತ್ತು’ ಅನ್ನುವುದೊಂದೇ ಸಾಲದು. ಎದ್ದಿತ್ತೋ, ಏರುತ್ತಲೇ ಇತ್ತೋ, ಇಳಿಯಲು ಶುರುವಾಗಿತ್ತೋ, ಇಷ್ಟನ್ನೂ ಅಂಪೈರ್ ಒಂದು ಕಣ್ಣು ಮಿಟುಕಿಸುವಷ್ಟರಲ್ಲಿ ನೋಡಬೇಕು.

‘ಹಾಗಾದರೆ ಟಿವಿಯಲ್ಲಿ ಹರ್ಮನ್‌ಪ್ರೀತ್ ಸಿಂಗ್ ಮೇಲಿನ ಮೂಲೆಗೆ ಹಾಕುತ್ತಾರಲ್ಲ’ ಅಂತ ಕೇಳಿದ್ದೀರಿ. ಅದು ಡ್ರ್ಯಾಗ್ ಫ್ಲಿಕ್. ಸ್ಟಿಕ್ಕಿಗೆ ಚೆಂಡನ್ನು ಅಂಟಿಸಿಕೊಂಡಂತೆ ಎಳೆದು ಎಸೆಯುವುದು. ಅದಕ್ಕೆ ಹಲಗೆಯ ಎತ್ತರದ ಮಿತಿ ಇಲ್ಲ, ಯಾರಿಗೂ ಅಪಾಯ ಆಗದಿದ್ದರೆ ಸಾಕು. ನಮ್ಮ ಕೊಡಗಿನ ವಿ.ಆರ್. ರಘುನಾಥ್ ಹಾಕುತ್ತಿದ್ದುದೂ ಅದನ್ನೇ. ಮಿತಿ ಇರುವುದು ಬೀಸಿ ಹೊಡೆಯುವ ಹಿಟ್‌ಗೆ, ಅದೂ ಮೊದಲ ಹೊಡೆತಕ್ಕೆ ಮಾತ್ರ. ನಿಮ್ಮ ವಿಡಿಯೋದಲ್ಲಿ ಇರುವುದು ಹಿಟ್, ಅದರಲ್ಲಿ ಅನುಮಾನ ಇಲ್ಲ. ಹಿಂದೆ ಸ್ಟಿಕ್ ಎತ್ತಿದ್ದು ಸರಿಯಾಗಿ ಕಾಣುತ್ತದೆ.

ಹಾಗಾದರೆ ಚೆಂಡು ತಾಗುವ ಮೊದಲು ಎಷ್ಟು ಎತ್ತರದಲ್ಲಿತ್ತು? ವಿಡಿಯೋ ನೋಡಿ ಹೇಳಬಹುದಲ್ಲ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನಾನು ಲೆಕ್ಕ ಹಾಕಿ ನೋಡಿದೆ. ಮೊಬೈಲ್ ಸಾಮಾನ್ಯವಾಗಿ ಒಂದು ಸೆಕೆಂಡಿಗೆ 30 ಚಿತ್ರ ಹಿಡಿಯುತ್ತದೆ. ಚೆಂಡು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಯಿತು ಅಂತ ಇಟ್ಟುಕೊಳ್ಳಿ, ಬೀಸಿ ಹೊಡೆದರೆ ಇದೇನೂ ಜಾಸ್ತಿ ಅಲ್ಲ. ಆಗ ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಚೆಂಡು ಹತ್ತಿರ ಹತ್ತಿರ ಒಂದು ಮೀಟರ್ ಮುಂದೆ ಹೋಗಿರುತ್ತದೆ. ಗೋಲಿನ ಮುಂದೆ ಅರ್ಧಚಂದ್ರದ ಹಾಗೆ ಎಳೆದಿರುತ್ತಾರಲ್ಲ, ಯಾವುದರ ಒಳಗಿಂದ ಹೊಡೆದರೆ ಮಾತ್ರ ಗೋಲೋ ಆ ಸರ್ಕಲ್ಲಿನ ಗೆರೆಯಿಂದ ಗೋಲಿಗೆ 14.63 ಮೀಟರ್. ಅಷ್ಟು ದೂರ ಹೋಗಲು ಚೆಂಡಿಗೆ ಬೇಕಾಗುವುದು ಅರ್ಧ ಸೆಕೆಂಡ್ ಮಾತ್ರ. ಇಡೀ ಹೊಡೆತಕ್ಕೆ ಹದಿನೈದು ಚಿತ್ರ ಸಿಕ್ಕರೆ ಹೆಚ್ಚು, ಅದರಲ್ಲಿ ಸ್ಟಿಕ್ಕಿಗೆ ತಾಗುವ ಮುಂಚಿನ ಎರಡು ಮೂರೇ ನಮಗೆ ಬೇಕಾದವು. ಆ ಎರಡು ಮೂರರಲ್ಲೂ ಏಳು ಸೆಂಟಿಮೀಟರ್ ಅಗಲದ ಚೆಂಡು ಒಂದು ಬಿಳಿ ಗೀರಿನ ಹಾಗೆ ಕಾಣುತ್ತದೆ. ಸಾಲದ್ದಕ್ಕೆ ವಿಡಿಯೋ ತೆಗೆದವರು ನಿಂತಿರುವುದು ನಡು ಗೆರೆಯ ಹತ್ತಿರ, ಜನರ ಹಿಂದೆ. ಅಲ್ಲಿಂದ ನೋಡಿದರೆ ಚೆಂಡು ಮೇಲಕ್ಕೆ ಹೋಗುತ್ತಿದೆಯೋ ದೂರಕ್ಕೆ ಹೋಗುತ್ತಿದೆಯೋ ಅನ್ನುವುದೇ ತಿಳಿಯುವುದಿಲ್ಲ.

ನನ್ನ ಅನಿಸಿಕೆ ಹೇಳಬೇಕು ಅಂದರೆ, ಎರಡನೇ ವಿಡಿಯೋ ನೋಡಿದಾಗ ಚೆಂಡು ತಾಗುವ ಮೊದಲೇ ಎದ್ದಿತ್ತು, ಇನ್ನೂ ಏರುತ್ತಿತ್ತು ಅನ್ನಿಸುತ್ತದೆ. ಡಿಫೆಂಡರ್ ಸ್ಟಿಕ್ಕನ್ನು ನೆಲಕ್ಕೆ ಇಟ್ಟು ತಡೆದಿಲ್ಲ, ಸೊಂಟದ ಹತ್ತಿರ ಅಡ್ಡ ಹಿಡಿದಿದ್ದಾನೆ. ಕೆಳಗೆ ಬರುವ ಚೆಂಡಿಗೆ ಯಾರೂ ಹಾಗೆ ಹಿಡಿಯುವುದಿಲ್ಲ. ಹಾಗಾಗಿ ಗೋಲು ಕೊಡದೇ ಇದ್ದದ್ದು ಸರಿ ಅಂತಲೇ ನನ್ನ ಮನಸ್ಸು ಹೇಳುತ್ತದೆ. ಆದರೆ ಇದು ಶಿರಸಿಯ ಮನೆಯಲ್ಲಿ ಕೂತು, ಎರಡು ರಾತ್ರಿ ನೋಡಿ ಹೇಳುವ ಮಾತು. ಮಾಸ್ತರಿಗೆ ಸಿಕ್ಕಿದ್ದು ಅರ್ಧ ಸೆಕೆಂಡು. ಅವರು ಬ್ಯಾಕ್ ಲೈನಿನ ಹತ್ತಿರ, ಗೋಲಿಗೆ ಪಕ್ಕದಲ್ಲಿ, ನಿಲ್ಲಬೇಕಾದ ಜಾಗದಲ್ಲೇ ನಿಂತಿದ್ದರು. ಅಲ್ಲಿಂದ ನೋಡಿದವರ ಮಾತನ್ನು ನಡು ಗೆರೆಯ ಹತ್ತಿರ ತೆಗೆದ ವಿಡಿಯೋ ಹಿಡಿದುಕೊಂಡು ನಾನು ತಳ್ಳಿಹಾಕಲಾರೆ.

ಈಗ ನನಗೆ ತುಂಬ ಬೇಜಾರಾದ ಒಂದು ಸಂಗತಿ. ನಿಮ್ಮ ಗೋಲಿನಲ್ಲಿ ಹಲಗೆಯೇ ಇಲ್ಲ! ಎರಡು ಕಂಬ, ಮೇಲೊಂದು ಅಡ್ಡಪಟ್ಟಿ, ಹಿಂದೆ ಬಲೆ, ಅಷ್ಟೇ. ಹಲಗೆ ಇದ್ದಿದ್ದರೆ ಅಂಪೈರ್ ಕಣ್ಣಿಗೆ ಒಂದು ಗುರುತು ಇರುತ್ತಿತ್ತು. ಚೆಂಡು ಹಲಗೆಗೆ ಬಡಿದಾಗ ‘ಠಣ್’ ಅಂತ ಬರುವ ಸದ್ದು ಇಡೀ ಮೈದಾನಕ್ಕೆ ಕೇಳುತ್ತದೆ, ಆ ಸದ್ದಿನ ಮುಂದೆ ಯಾರೂ ವಾದ ಮಾಡುವುದಿಲ್ಲ. ಒಂದೂವರೆ ಅಡಿಯ ನಿಯಮ ಇಟ್ಟುಕೊಂಡು ಒಂದೂವರೆ ಅಡಿಯ ಹಲಗೆ ಇಡದೇ ಫೈನಲ್ ಆಡಿಸಿದರೆ ಅಂಪೈರ್ ಗಾಳಿಯಲ್ಲಿ ಗೆರೆ ಎಳೆದುಕೊಂಡು ತೀರ್ಪು ಕೊಡಬೇಕಾಗುತ್ತದೆ. ಟೂರ್ನಮೆಂಟ್ ನಡೆಸಿದವರು ಪೆಂಡಾಲು, ಮೈಕು, ಶಾಲು, ಫಲಕ ಎಲ್ಲ ತಂದಿದ್ದಾರೆ. ಈ ಜಗಳದಲ್ಲಿ ಅವರ ಹೆಸರನ್ನು ಯಾರೂ ಎತ್ತುತ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ಕ್ರಿಕೆಟ್, ಕಬಡ್ಡಿ, ವಾಲಿಬಾಲಿಗೆ ಸಿಗುವಷ್ಟು ಜನ ಹಾಕಿಗೆ ಸಿಗುವುದಿಲ್ಲ, ದುಡ್ಡೂ ಇಲ್ಲ, ಅದು ನನಗೆ ಗೊತ್ತು. ಆದರೂ ಎರಡು ಗೋಲಿಗೆ ಆರು ಹಲಗೆ ದೊಡ್ಡ ಖರ್ಚಲ್ಲ.

ಇನ್ನು ಮೈದಾನದೊಳಗೆ ಹೋಗಿದ್ದು. ಆಟ ನಡೆಯುವಾಗ ಆಟಗಾರರು, ಅಂಪೈರ್‌ಗಳು ಬಿಟ್ಟು ಬೇರೆ ಯಾರೂ ಅಂಪೈರ್ ಒಪ್ಪಿಗೆ ಇಲ್ಲದೆ ಒಳಗೆ ಕಾಲಿಡುವ ಹಾಗಿಲ್ಲ. ಕೊನೆಯ ಪೆನಾಲ್ಟಿ ಕಾರ್ನರ್ ಮುಗಿಯುವವರೆಗೆ, ಗಡಿಯಾರದಲ್ಲಿ ಟೈಮ್ ಆಗಿದ್ದರೂ, ಆಟ ಮುಗಿದ ಹಾಗಲ್ಲ. ಕೋಚ್ ಸರ್‌ಗೆ ಇದು ನನಗಿಂತ ಚೆನ್ನಾಗಿ ಗೊತ್ತು. ನಮ್ಮ ಕಡೆ ತಾಳಮದ್ದಲೆ ನೋಡಿದ್ದೀರಲ್ಲ, ಅರ್ಥಧಾರಿ ಎಷ್ಟೇ ದೊಡ್ಡವರಿರಲಿ, ಮಾತು ಎಷ್ಟೇ ಬಿಸಿ ಏರಿರಲಿ, ಭಾಗವತರು ಪದ ಎತ್ತಿದರೆ ಸುಮ್ಮನಾಗಬೇಕು. ಸೀಟಿಯೂ ಹಾಗೇ. ನಾಯಕ ಹೋಗಿ ‘ತಾಗುವ ಮೊದಲು ಮೇಲಿತ್ತಾ ಸರ್’ ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಮಾಸ್ತರು ಬಾಯಿಬಿಟ್ಟು ‘ಹೌದು, ಮೊದಲೇ ಮೇಲಿತ್ತು’ ಅಂದಿದ್ದರೆ ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತಿತ್ತು. ಅವರು ಬರೀ ಕೈ ತೋರಿಸಿ ಬೆನ್ನು ತಿರುಗಿಸಿದರು. ಅದು ಅವರ ತಪ್ಪು, ಅದನ್ನು ಅವರು ಒಪ್ಪಿಕೊಳ್ಳಬೇಕು.

ಆಮೇಲೆ ಮೈಕು. ಇಲ್ಲಿ ನಾನು ಕೋಚ್ ಸರ್ ಪರ ಒಂದು ಮಾತೂ ಆಡಲಾರೆ. ‘ತೀರ್ಪು ತಪ್ಪು’ ಅನ್ನುವುದು ಬೇರೆ, ‘ದುಡ್ಡು ತಿಂದಿದ್ದಾನೆ’ ಅನ್ನುವುದು ಬೇರೆ. ಮೊದಲನೆಯದು ಆಟದ ಬಗ್ಗೆ ಆಡುವ ಮಾತು, ಎಷ್ಟು ಬೇಕಾದರೂ ಆಡಬಹುದು. ಎರಡನೆಯದು ಒಬ್ಬ ಮನುಷ್ಯ ಇಷ್ಟು ವರ್ಷ ಕಟ್ಟಿಕೊಂಡ ಹೆಸರಿನ ಮೇಲೆ ಕೆಸರು ಹಾಕುವುದು. ಮೈದಾನದಲ್ಲಿ ‘ಮಾಸ್ತರೇ’ ಅಂದವರು ವೇದಿಕೆ ಹತ್ತುವಷ್ಟರಲ್ಲಿ ಏಕವಚನಕ್ಕೆ ಇಳಿದಿದ್ದಾರೆ, ಅದನ್ನು ಗಮನಿಸಿದಿರಾ? ಮಾಸ್ತರಿಗೆ ಎಲ್ಲಕ್ಕಿಂತ ಜಾಸ್ತಿ ನೋವಾಗಿರುವುದು ಅದಕ್ಕೇ ಇರಬೇಕು. ಅವರ ಹಳೆಯ ವಿದ್ಯಾರ್ಥಿಗಳು, ಮೊಮ್ಮಕ್ಕಳು, ಎಲ್ಲರೂ ಅಲ್ಲಿ ಕುರ್ಚಿ ಮೇಲೆ ಕೂತಿದ್ದರು ಅಂತ ನೀವೇ ಬರೆದಿದ್ದೀರಿ.

1975ರ ವಿಶ್ವಕಪ್ ಫೈನಲ್ ನೆನಪಿಗೆ ಬರುತ್ತದೆ. ಕೌಲಾಲಂಪುರ, ಭಾರತ ಪಾಕಿಸ್ತಾನ. ಅಶೋಕ್ ಕುಮಾರ್, ಧ್ಯಾನಚಂದರ ಮಗ, ಹೊಡೆದ ಚೆಂಡು ಗೋಲಿನ ಮೂಲೆಗೆ ಬಡಿದು ಹೊರಗೆ ಪುಟಿಯಿತು. ಪಾಕಿಸ್ತಾನದವರು ಅದು ಒಳಗೆ ಹೋಗಲೇ ಇಲ್ಲ ಅಂತ ಅಂಪೈರ್ ಜೊತೆ ವಾದಕ್ಕೆ ಬಂದರು. ಮಲೇಷ್ಯಾದ ಅಂಪೈರ್ ಗೋಲು ಅಂದರು, ತೀರ್ಪು ಬದಲಿಸಲಿಲ್ಲ. ಭಾರತ 2-1ರಿಂದ ಗೆದ್ದಿತು. ಇವತ್ತಿನವರೆಗೆ ಭಾರತದ ಗಂಡಸರ ತಂಡ ಗೆದ್ದ ಒಂದೇ ವಿಶ್ವಕಪ್ ಅದು. ಕೊಡಗಿನ ಬಿ.ಪಿ. ಗೋವಿಂದ ಆ ತಂಡದಲ್ಲಿದ್ದರು. ಆ ಗೋಲಿನ ಬಗ್ಗೆ ಹೇಳುವಾಗ ನಮ್ಮವರು ಯಾರಾದರೂ ಅಂಪೈರ್ ದುಡ್ಡು ತಿಂದಿದ್ದರು ಅಂತಾರಾ? ಇಲ್ಲ. ಅವರ ಕಣ್ಣು ಚುರುಕಾಗಿತ್ತು ಅಂತೇವೆ. ಕೋಚ್ ಸರ್ ಆ ಕಾಲದ ಹಾಕಿ ಕೇಳಿಕೊಂಡೇ ಬೆಳೆದವರು, ಅವರಿಗೆ ಇದನ್ನು ನೆನಪಿಸಿ.

ಅನ್ಯಾಯ ಆದಾಗ ಸುಮ್ಮನಿರಬೇಕು ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. 2022ರ ಕಾಮನ್‌ವೆಲ್ತ್ ಕ್ರೀಡಾಕೂಟ, ಬರ್ಮಿಂಗ್‌ಹ್ಯಾಮ್, ಹೆಂಗಸರ ಸೆಮಿಫೈನಲ್. ಆಸ್ಟ್ರೇಲಿಯಾ ಜೊತೆ ಶೂಟೌಟ್, ಅಂದರೆ ಪಂದ್ಯ ಸಮ ಆದಾಗ ಒಬ್ಬೊಬ್ಬರೇ ಗೋಲ್‌ಕೀಪರ್ ಎದುರು ಎಂಟು ಸೆಕೆಂಡಿನೊಳಗೆ ಗೋಲು ಹಾಕಲು ನೋಡುವುದು. ಮೊದಲ ಪ್ರಯತ್ನವನ್ನೇ ನಮ್ಮ ಗೋಲ್‌ಕೀಪರ್ ಸವಿತಾ ತಡೆದರು. ಆದರೆ ಎಂಟು ಸೆಕೆಂಡಿನ ಗಡಿಯಾರ ಶುರು ಮಾಡಿರಲಿಲ್ಲ ಅಂತ ಅದನ್ನು ಮತ್ತೆ ಆಡಿಸಿದರು, ಎರಡನೇ ಸಲ ಗೋಲಾಯಿತು. ನಮ್ಮ ಹುಡುಗಿಯರು ಸೋತರು. ಆಗ ನನಗೂ ಹೊಟ್ಟೆ ಉರಿಯಿತು. ಆದರೆ ತಪ್ಪು ಅಧಿಕಾರಿಗಳದ್ದು ಅನ್ನುವುದು ಯಾರಿಗೂ ಅಡಗಿರಲಿಲ್ಲ, ಅಂತಾರಾಷ್ಟ್ರೀಯ ಹಾಕಿ ಫೆಡರೇಶನ್ನೇ ಎಲ್ಲರ ಮುಂದೆ ಕ್ಷಮೆ ಕೇಳಿತು. ಆ ಹುಡುಗಿಯರು ಎರಡು ದಿನದಲ್ಲಿ ನ್ಯೂಜಿಲೆಂಡನ್ನು ಸೋಲಿಸಿ ಕಂಚು ಗೆದ್ದರು.

ಪ್ಯಾರಿಸ್ ಒಲಿಂಪಿಕ್ಸ್ ಅಂತೂ ನೀವೇ ನೋಡಿರುತ್ತೀರಿ. 2024ರ ಆಗಸ್ಟ್ 4, ಬ್ರಿಟನ್ ಜೊತೆ ಕ್ವಾರ್ಟರ್ ಫೈನಲ್. ಅಮಿತ್ ರೋಹಿದಾಸ್‌ಗೆ 17ನೇ ನಿಮಿಷದಲ್ಲಿ ಕೆಂಪು ಕಾರ್ಡ್. ಬೇಕಂತಲೇ ಸ್ಟಿಕ್ ಬೀಸಿದ್ದಲ್ಲ ಅಂತ ನಮಗೆಲ್ಲ ಅನ್ನಿಸಿತು, ನನಗೆ ಈಗಲೂ ಹಾಗೇ ಅನ್ನಿಸುತ್ತದೆ. ಉಳಿದ ಆಟವನ್ನೆಲ್ಲ ಹತ್ತೇ ಜನ ಆಡಿದರು, 1-1 ಆಯಿತು, ಶೂಟೌಟಿನಲ್ಲಿ 4-2 ಗೆದ್ದರು. ಹಾಕಿ ಇಂಡಿಯಾ ಅಂಪೈರಿಂಗ್ ಬಗ್ಗೆ ಬರೆದು ದೂರು ಕೊಟ್ಟಿತು, ವಿಡಿಯೋ ಪರಿಶೀಲನೆಯಲ್ಲಿ ಒಂದೊಂದು ಸಲ ಒಂದೊಂದು ಅಳತೆ ಇತ್ತು ಅನ್ನುವುದು ಅದರಲ್ಲಿದ್ದ ಒಂದು ಅಂಶ. ರೋಹಿದಾಸ್ ಮೇಲಿನ ಒಂದು ಪಂದ್ಯದ ನಿಷೇಧದ ವಿರುದ್ಧ ಹಾಕಿದ ಮೇಲ್ಮನವಿ ನಿಲ್ಲಲಿಲ್ಲ, ಅವರಿಲ್ಲದೆ ಆಡಿದ ಸೆಮಿಫೈನಲ್‌ನಲ್ಲಿ ಜರ್ಮನಿಗೆ 2-3ರಿಂದ ಸೋತೆವು. ದೂರು ಕೊಟ್ಟರೂ ನಮಗೆ ಬೇಕಾದ ಉತ್ತರ ಸಿಗಲಿಲ್ಲ. ಆದರೆ ದೂರು ಇದ್ದದ್ದು ತೀರ್ಪಿನ ಬಗ್ಗೆ, ಯಾರ ಜೇಬಿನ ಬಗ್ಗೆಯೂ ಅಲ್ಲ.

ಮೂವತ್ತು ವರ್ಷ ಸೀಟಿ ಹಿಡಿದವನಾಗಿ ನನ್ನದೊಂದು ಹೇಳುತ್ತೇನೆ. ಒಮ್ಮೆ ಕಾಲೇಜು ಹುಡುಗರ ಪಂದ್ಯ. ಹಿಂದಿನ ರಾತ್ರಿ ಮಳೆ ಬಂದು ಸುಣ್ಣದ ಪುಡಿಯಲ್ಲಿ ಹಾಕಿದ ಸರ್ಕಲ್ ಅರ್ಧ ಅಳಿಸಿಹೋಗಿತ್ತು. ಒಬ್ಬ ಹುಡುಗ ಗೆರೆಯ ಹತ್ತಿರದಿಂದ ಹೊಡೆದು ಗೋಲು ಹಾಕಿದ. ಸರ್ಕಲ್ ಹೊರಗಿಂದ ಹೊಡೆದ ಅಂತ ನಾನು ಗೋಲು ಕೊಡಲಿಲ್ಲ. ಆಟ ಮುಗಿದ ಮೇಲೆ ಸುಮ್ನೆ ಆ ಜಾಗಕ್ಕೆ ಹೋಗಿ ನೋಡಿದೆ. ಕೆಸರಿನಲ್ಲಿ ಅವನ ಬೂಟಿನ ಗುರುತು ಹಾಗೇ ಇತ್ತು. ಗೆರೆ ಇರಬೇಕಾದ ಜಾಗಕ್ಕಿಂತ ಒಂದು ಹೆಜ್ಜೆ ಒಳಗೆ. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಆ ತಂಡದ ಕೋಚ್ ಮನೆಗೆ ಹೋಗಿ ನಿನ್ನೆ ತಪ್ಪಾಯ್ತು ಅಂದೆ. ಅವರು ಒಂದಷ್ಟು ಹೊತ್ತು ಮಾತಾಡಲಿಲ್ಲ. ಆಮೇಲೆ ಚಾ ಮಾಡಿಸಿದರು. ಫಲಿತಾಂಶ ಬದಲಾಗಲಿಲ್ಲ, ಆ ಹುಡುಗನಿಗೆ ಗೋಲು ವಾಪಸ್ ಸಿಗಲಿಲ್ಲ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ. ಆವತ್ತು ಅವರು ಮೈಕ್ ಹಿಡಿದು ನನ್ನನ್ನು ಕಳ್ಳ ಅಂದಿದ್ದರೆ ನಾನು ಅವರ ಮನೆ ಬಾಗಿಲಿಗೆ ಹೋಗುತ್ತಿರಲಿಲ್ಲ. ತಪ್ಪು ಒಪ್ಪಿಕೊಂಡರೆ ಕಳ್ಳತನ ಒಪ್ಪಿಕೊಂಡ ಹಾಗೆ ಆಗುತ್ತಿತ್ತು. ನಿಮ್ಮ ಮಾಸ್ತರು ಈಗ ಸಿಕ್ಕಿಕೊಂಡಿರುವುದು ಅಲ್ಲಿಯೇ. ಬೆನ್ನು ತಿರುಗಿಸಿದ್ದು ತಪ್ಪು ಅಂತ ಹೇಳಲೂ ಅವರಿಗೆ ಈಗ ದಾರಿ ಇಲ್ಲ.

ಪೊಲೀಸ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮಾನಹಾನಿ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ ಬರುತ್ತದೆ. ಠಾಣೆಗೆ ಹೋದರೆ ನೇರ ಎಫ್‌ಐಆರ್ ಆಗುವಂಥದ್ದಲ್ಲ, ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಕೊಡಬೇಕು. ಅಲ್ಲಿಂದ ವರ್ಷಗಟ್ಟಲೆ ತಾರೀಖು. ಮಾಸ್ತರಿಗೆ ಹಕ್ಕಿದೆ, ಹೋಗಬೇಡಿ ಅನ್ನಲು ನಾನು ಯಾರು? ಆದರೆ ಅದಕ್ಕೆ ಮೊದಲು ಒಂದು ದಾರಿ ಇದೆ, ಅದನ್ನು ನೀವೇ ಮಾಡಬೇಕು. ಇಬ್ಬರಿಗೂ ಬೇಕಾದವರು ನೀವೊಬ್ಬರೇ.

ಇಬ್ಬರನ್ನೂ ಒಟ್ಟಿಗೆ ಕೂರಿಸಬೇಡಿ, ಈಗಲೇ ಬೇಡ. ಮೊದಲು ಕೋಚ್ ಸರ್ ಹತ್ತಿರ ಹೋಗಿ. ಗೋಲಿನ ಮಾತು ಎತ್ತಲೇಬೇಡಿ. ‘ಸರ್, ತೀರ್ಪು ತಪ್ಪು ಅಂತ ನೀವು ಅಂದುಕೊಂಡಿದ್ದನ್ನು ಬಿಡಿ ಅಂತ ನಾನು ಹೇಳಲ್ಲ, ದುಡ್ಡಿನ ಮಾತು ಮಾತ್ರ ವಾಪಸ್ ತಗೊಳ್ಳಿ’ ಅನ್ನಿ. ಇಷ್ಟು ಕೇಳಿದರೆ ಅವರು ಒಪ್ಪಬಹುದು. ಗೋಲಿನ ಬಗ್ಗೆಯೂ ಸೋಲೊಪ್ಪಿಕೊಳ್ಳಿ ಅಂದರೆ ಖಂಡಿತ ಒಪ್ಪುವುದಿಲ್ಲ. ಮಾತು ಹೋದದ್ದು ವಾಟ್ಸಾಪಿನಲ್ಲಿ, ಹಾಗಾಗಿ ಕ್ಷಮೆಯೂ ಅಲ್ಲೇ, ಅವರ ಸ್ವಂತ ದನಿಯಲ್ಲೇ, ವಿಡಿಯೋದಲ್ಲೇ ಹೋಗಬೇಕು. ಮನೆಗೆ ಹೋಗಿ ಕಿವಿಯಲ್ಲಿ ಹೇಳಿದರೆ ಆಗುವುದಿಲ್ಲ. ಊರೆಲ್ಲ ಕೇಳಿಸಿಕೊಂಡಿದ್ದನ್ನು ಊರೆಲ್ಲ ಕೇಳುವ ಹಾಗೇ ಹಿಂದಕ್ಕೆ ತೆಗೆದುಕೊಳ್ಳಬೇಕು.

ಅದಾದ ಮೇಲೆ ಮಾಸ್ತರ ಹತ್ತಿರ ಹೋಗಿ. ನಿಯಮದ ಆ ನಡುವಿನ ಸಾಲನ್ನು ಅವರ ಬಾಯಲ್ಲೇ ಕೇಳಿ. ‘ತಾಗುವ ಮೊದಲು ಎಲ್ಲಿತ್ತು ಸರ್’ ಅಂತ ಕೇಳಿ. ಅವರು ಕಂಡದ್ದನ್ನು ಹೇಳಲಿ. ಯಾರೂ ಇಲ್ಲಿಯವರೆಗೆ ಅವರನ್ನು ಆ ಪ್ರಶ್ನೆ ಕೇಳಿಲ್ಲ ಅಂತ ನನಗೆ ಅನ್ನಿಸುತ್ತದೆ.

ಮತ್ತೆ ಆ ಹಲಗೆ. ಅಳತೆ ಬರೆದುಕೊಳ್ಳಿ. ಹಿಂದಿನ ಹಲಗೆ 3.66 ಮೀಟರ್ ಉದ್ದ, ಪಕ್ಕದವು ಕಡಿಮೆ ಎಂದರೂ 1.20 ಮೀಟರ್, ಎಲ್ಲದರ ಎತ್ತರ 460 ಮಿಲಿಮೀಟರ್, ಒಳಗಡೆ ಕಡು ಬಣ್ಣ. ಎರಡೂ ಗೋಲಿಗೆ ಬೇಕು. ಮುಂದಿನ ಟೂರ್ನಮೆಂಟಿಗೆ ಮುಂಚೆ ಬಡಗಿಗೆ ಕೊಟ್ಟುಬಿಡಿ. ಹಲಗೆ ಕೂರಿಸುವ ದಿನ ಹೇಳಿ, ನಾನು ಬೆಳಗಿನ ಬಸ್ಸಿಗೆ ಹತ್ತಿ ದೇವಿಮನೆ ಘಟ್ಟ ಇಳಿದು ಬರುತ್ತೇನೆ. ನಿಯಮದ ಪುಸ್ತಕವೂ ತರುತ್ತೇನೆ, ಇಬ್ಬರಿಗೂ ಒಂದೊಂದು.